ಕೇಬಲ್ ಅಗ್ಗ, ಅದರ ತುದಿಯಲ್ಲಿರುವುದು ಅಗ್ಗವಲ್ಲ

(ನಮ್ಮ ಕಂಪ್ಯೂಟರ್ ಮಾಹಿತಿ ಶಿಬಿರದಲ್ಲಿ, ಮೊದಲ ಸಲ ಸ್ವಂತವಾಗಿ ಕಂಪ್ಯೂಟರ್ ಜೋಡಿಸುವವರಿಗಾಗಿ ಆಡಿದ ಮಾತುಗಳ ಬರಹ ರೂಪ)



ರಜೆಯ ದಿನ ಬಟ್ಟೆ ಒಗೆಯುವುದು, ಅಡುಗೆ, ಊರಿಗೆ ಫೋನು ಎಲ್ಲ ಬಿಟ್ಟು ನೀವು ಇಲ್ಲಿಗೆ ಬಂದಿದ್ದೀರಿ. ಹಾಗಾಗಿ ಸುತ್ತುಬಳಸದೆ ವಿಷಯಕ್ಕೆ ಬರುತ್ತೇವೆ. ಇವತ್ತಿನ ವಿಷಯ ಕೇಬಲ್. ಪ್ರೊಸೆಸರ್ ಅಲ್ಲ, ಗ್ರಾಫಿಕ್ಸ್ ಕಾರ್ಡ್ ಅಲ್ಲ. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗೆ ಹಾಕುವ ಕೇಬಲ್ ಮಾತ್ರ. "ಅದರಲ್ಲಿ ಎಂತ ಉಂಟು ಮಾತಾಡ್ಲಿಕ್ಕೆ?" ಅಂತ ಬಾಗಿಲಲ್ಲೇ ಒಬ್ಬರು ಕೇಳಿದರು. ಮಾತಾಡ್ಲಿಕ್ಕೆ ಉಂಟು.

ನಮ್ಮಲ್ಲಿ ಹೆಚ್ಚಿನವರು ಕಂಪ್ಯೂಟರ್ ಜೋಡಿಸುವುದು ಹೇಗೆ? ಒಂದು ತಿಂಗಳ ಸಂಬಳದಲ್ಲಿ ಮದರ್‌ಬೋರ್ಡ್, ಮುಂದಿನ ತಿಂಗಳು ಪ್ರೊಸೆಸರ್, ಆಮೇಲೆ ರ‍್ಯಾಮ್. ಊರಲ್ಲಿ ಮಗ ಪಿಯುಸಿ ಮುಗಿಸಿ ಇಂಜಿನಿಯರಿಂಗ್‌ಗೆ ಸೇರುತ್ತಾನೆ, ಅವನಿಗೆ ಬೇಕು. ಅಥವಾ ಇಲ್ಲೇ ಶಾಲೆಗೆ ಹೋಗುವ ಮಕ್ಕಳಿಗೆ ಬೇಕು. ಎಲ್ಲ ಭಾಗ ಸೇರುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ. ಆಗ ಕೊನೆಗೆ ನೆನಪಾಗುವುದು ಕೇಬಲ್. ಯಾರದೋ ರೂಮಿನಲ್ಲಿ ಬಿದ್ದಿದ್ದ ಹಳೆ ಕೇಬಲ್ ತಂದು ಹಾಕಿಬಿಡುತ್ತೇವೆ.

ಆ ಕೇಬಲಿನ ತುದಿಯಲ್ಲಿ ಎಂತ ಇದೆ ಅಂತ ಸ್ವಲ್ಪ ಯೋಚಿಸಿ. ತಂಗಿಯ ಮದುವೆಯ ವಿಡಿಯೋ ಇದೆ, ನಾವು ಹೋಗ್ಲಿಕ್ಕೆ ಆಗದೆ ಇಲ್ಲಿಂದಲೇ ನೋಡಿದ್ದು. ಉಮ್ಮನ ಧ್ವನಿ ಇರುವ ವಾಯ್ಸ್ ಮೆಸೇಜುಗಳಿವೆ. ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಜಾಗದ ದಾಖಲೆಗಳ ಸ್ಕ್ಯಾನ್ ಪ್ರತಿಗಳಿವೆ. ಪ್ರೊಸೆಸರ್ ಹೋದರೆ ಇನ್ನೊಂದು ತರಬಹುದು. ಇದು ಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಕೆಲವೇ ದಿರ್ಹಂನ ಈ ವಸ್ತುವಿಗೆ ಇವತ್ತು ಅರ್ಧ ಗಂಟೆ ಕೊಡುತ್ತಿದ್ದೇವೆ.

ಒಂದು ಡಿಸ್ಕಿಗೆ ಎರಡು ಕೇಬಲ್

ಮೇಜಿನ ಮೇಲೆ ಇಟ್ಟಿರುವುದನ್ನು ಕೈಗೆ ತೆಗೆದುಕೊಂಡು ನೋಡಿ, ಒಬ್ಬರಿಂದ ಒಬ್ಬರಿಗೆ ದಾಟಿಸಿ. ಆ ಅಗಲವಾದ ಬೂದು ಬಣ್ಣದ ಪಟ್ಟಿ ಹಳೆ ಕಾಲದ ಐಡಿಇ ಕೇಬಲ್. 40 ಪಿನ್ನಿನದ್ದು. ಒಂದು ಕಾಲದಲ್ಲಿ ಕ್ಯಾಬಿನೆಟ್ ಒಳಗೆ ಅರ್ಧ ಜಾಗವನ್ನು ಇದೇ ತಿನ್ನುತ್ತಿತ್ತು, ಗಾಳಿಗೂ ಅಡ್ಡ. 2003ರ ಹೊತ್ತಿಗೆ ಸಾಟಾ ಅನ್ನುವ ಹೊಸ ವ್ಯವಸ್ಥೆ ಮಾರುಕಟ್ಟೆಗೆ ಬಂತು. ಇಂದು ನಾವು ಬಳಸುವುದು ಅದನ್ನೇ.

ಸಾಟಾ ಡಿಸ್ಕಿನ ಹಿಂಭಾಗ ನೋಡಿದರೆ ಎರಡು ಬಾಯಿ ಕಾಣುತ್ತದೆ. ಚಿಕ್ಕದರಲ್ಲಿ 7 ಸಂಪರ್ಕಗಳು, ಅದು ಡೇಟಾ ಕೇಬಲಿಗೆ. ಅಗಲವಾದದ್ದರಲ್ಲಿ 15, ಅದು ಕರೆಂಟಿಗೆ. ಡೇಟಾ ಕೇಬಲ್ ಮದರ್‌ಬೋರ್ಡಿಗೆ ಹೋಗುತ್ತದೆ. ಕರೆಂಟಿನ ಕೇಬಲ್ ಪವರ್ ಸಪ್ಲೈಯಿಂದ ಬರುತ್ತದೆ, ನಮ್ಮ ಊರಿನ ಅಂಗಡಿಯವರು ಅದಕ್ಕೆ ಎಸ್‌ಎಂಪಿಎಸ್ ಅನ್ನುತ್ತಾರೆ. ಎರಡು ಬಾಯಿಯಲ್ಲೂ ಇಂಗ್ಲಿಷ್ ಎಲ್ ಅಕ್ಷರದ ಆಕಾರದ ಕಚ್ಚು ಇದೆ. ಅದಕ್ಕೆ ಸರಿಯಾಗಿ ಹಿಡಿದರೆ ಸುಲಭವಾಗಿ ಕೂರುತ್ತದೆ. ಕೂರಲಿಲ್ಲವಾದರೆ ತಿರುಗಿಸಿ ನೋಡಿ, ಒತ್ತಬೇಡಿ. ಒಳಗಿರುವ ಪ್ಲಾಸ್ಟಿಕ್ ನಾಲಿಗೆ ತೆಳು. ಅದು ಮುರಿದರೆ ಕೇಬಲ್ ಅಲ್ಲ, ಡಿಸ್ಕೇ ಹೋದ ಹಾಗೆ.

ಮೊದಲು ಕೇಳಬೇಕಾದ್ದು: ಕೇಬಲ್ ಬೇಕಾ?

ಅಚ್ಚುಕಟ್ಟಾದ ಕಂಪ್ಯೂಟರಿಗೆ ಎಲ್ಲಕ್ಕಿಂತ ಒಳ್ಳೆಯ ಕೇಬಲ್ ಅಂದರೆ ಇಲ್ಲದ ಕೇಬಲ್. ಈಗಿನ ಮದರ್‌ಬೋರ್ಡುಗಳಲ್ಲಿ ಎಂ.2 ಅನ್ನುವ ಸ್ಲಾಟ್ ಇರುತ್ತದೆ. ಚೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎಸ್‌ಎಸ್‌ಡಿಯನ್ನು ಅದರಲ್ಲಿ ಕೂರಿಸಿ ಒಂದು ಸ್ಕ್ರೂ ಹಾಕಿದರೆ ಮುಗಿಯಿತು. ಡೇಟಾ ಕೇಬಲೂ ಇಲ್ಲ, ಕರೆಂಟಿನ ಕೇಬಲೂ ಇಲ್ಲ. ಅದರ ಮೇಲೆ 2280 ಅಂತ ಬರೆದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಅಂತ ಅರ್ಥ.

ಮೊದಲ ಸಲ ಕಟ್ಟುವವರಿಗೆ ನಾವು ಹೇಳುವ ಲೆಕ್ಕ ಇಷ್ಟು. ವಿಂಡೋಸ್ ಮತ್ತು ಪ್ರೋಗ್ರಾಮುಗಳಿಗೆ ಒಂದು ಎಂ.2 ಎಸ್‌ಎಸ್‌ಡಿ. ಫೋಟೋ, ವಿಡಿಯೋ, ದಾಖಲೆಗಳಿಗೆ ಒಂದು ದೊಡ್ಡ ಹಾರ್ಡ್ ಡಿಸ್ಕ್. ಆಗ ಇಡೀ ಪೆಟ್ಟಿಗೆಗೆ ಬೇಕಾದ್ದು ಒಂದು ಡೇಟಾ ಕೇಬಲ್, ಒಂದು ಕರೆಂಟಿನ ಕೇಬಲ್. ಎರಡನ್ನು ಚೆನ್ನಾಗಿ ಆರಿಸಿದರೆ ಸಾಕು.

ಒಂದು ಎಚ್ಚರಿಕೆ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದ ಕೂಡಲೇ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಅದು ದೋಷ ಅಲ್ಲ, ಅದರ ರಚನೆಯೇ ಹಾಗೆ. ಯಾವ ಪೋರ್ಟ್ ಅಂತ ಬೋರ್ಡಿನ ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನು ನೋಡದೆ ಕೇಬಲ್ ಹಾಳು, ಡಿಸ್ಕ್ ಹಾಳು ಅಂತ ಅಂಗಡಿಗೆ ಓಡುವವರು ಬಹಳ. ಪುಸ್ತಕ ಬಿಸಾಡಬೇಡಿ.

ಡೇಟಾ ಕೇಬಲ್ ಆರಿಸುವುದು

ಅಂಗಡಿಗೆ ಹೋಗುವ ಮೊದಲು ಮದರ್‌ಬೋರ್ಡಿನ ಪೆಟ್ಟಿಗೆಯ ತಳ ನೋಡಿ. ಸಾಮಾನ್ಯವಾಗಿ ಒಂದೆರಡು ಸಾಟಾ ಕೇಬಲ್ ಅದರೊಳಗೇ ಇರುತ್ತದೆ. ಅದು ಸಾಲದಿದ್ದರೆ, ಇಲ್ಲವೇ ಉದ್ದ ಹೊಂದದಿದ್ದರೆ ಮಾತ್ರ ಹೊಸತು.

ಮೊದಲು ಉದ್ದ. ಟೈಲರ್ ಅಳತೆ ತೆಗೆಯದೆ ಬಟ್ಟೆ ಕತ್ತರಿಸುವುದಿಲ್ಲ ಅಲ್ವಾ? ಒಂದು ದಾರ ತೆಗೆದುಕೊಳ್ಳಿ. ಬೋರ್ಡಿನ ಸಾಟಾ ಪೋರ್ಟಿನಿಂದ, ಬೋರ್ಡು ಕೂತಿರುವ ತಗಡಿನ ಹಿಂಬದಿಗೆ ಹೋಗಿ, ಡಿಸ್ಕಿನ ಬಾಯಿಯವರೆಗೆ ದಾರವನ್ನು ಹಾಯಿಸಿ. ನೇರವಾಗಿ ಅಡ್ಡ ಎಳೆದು ಅಳೆಯಬೇಡಿ, ಕೇಬಲ್ ನಿಜವಾಗಿ ಹೋಗುವ ದಾರಿಯಲ್ಲೇ ಅಳೆಯಿರಿ. ಅದಕ್ಕೆ ನಾಲ್ಕು ಬೆರಳು ಸೇರಿಸಿ. ಮಧ್ಯಮ ಗಾತ್ರದ ಕ್ಯಾಬಿನೆಟ್‌ಗೆ ಹೆಚ್ಚಾಗಿ 45ರಿಂದ 50 ಸೆಂಟಿಮೀಟರ್ ಸರಿಯಾಗುತ್ತದೆ. ಚಿಕ್ಕ ಪೆಟ್ಟಿಗೆಗೆ 30 ಸಾಕಾಗಬಹುದು. ಸಾಟಾ ನಿಯಮದ ಪ್ರಕಾರ ಒಳಗಿನ ಡೇಟಾ ಕೇಬಲ್ 1 ಮೀಟರ್ ಮೀರಬಾರದು. ತೀರ ಉದ್ದವಾದರೆ ಸುತ್ತಿ ಎಲ್ಲೋ ತುರುಕಬೇಕು. ಗಿಡ್ಡವಾದರೆ ಎಳೆದು ನಿಂತು ಡಿಸ್ಕಿನ ಬಾಯಿಯ ಮೇಲೆ ದಿನವೂ ಭಾರ ಬೀಳುತ್ತದೆ. ಎರಡರಲ್ಲಿ ಗಿಡ್ಡದ್ದೇ ಹೆಚ್ಚು ಕೆಟ್ಟದು.

ಎರಡನೆಯದು ತಲೆಯ ಆಕಾರ. ನೇರ ತಲೆಯದ್ದೂ ಉಂಟು, 90 ಡಿಗ್ರಿ ಬಾಗಿದ ತಲೆಯದ್ದೂ ಉಂಟು. ಹಾರ್ಡ್ ಡಿಸ್ಕಿನ ಹಿಂದೆ ಪಕ್ಕದ ಬಾಗಿಲು ಹತ್ತಿರ ಇದ್ದರೆ ನೇರ ತಲೆ ಬಾಗಿಲಿಗೆ ತಾಗುತ್ತದೆ. ಬಾಗಿಲು ಮುಚ್ಚುವಾಗ ಒತ್ತಿ ಸಡಿಲವಾಗುತ್ತದೆ. ಅಲ್ಲಿ ಬಾಗಿದ ತಲೆ ಒಳ್ಳೆಯದು. ಆದರೆ ಬಾಗಿದ್ದರಲ್ಲೂ ಮೇಲಕ್ಕೆ ಬಾಗಿದ್ದು, ಕೆಳಕ್ಕೆ ಬಾಗಿದ್ದು ಅಂತ ಇದೆ. ಒಂದರ ಮೇಲೊಂದು ಡಿಸ್ಕ್ ಇದ್ದರೆ ತಪ್ಪು ದಿಕ್ಕಿನದ್ದು ಪಕ್ಕದ ಪ್ಲಗ್ಗಿಗೆ ಅಡ್ಡ ಬರುತ್ತದೆ. ಬೋರ್ಡಿನ ಕಡೆಯ ತುದಿಯೂ ಹಾಗೆಯೇ. ಪೋರ್ಟುಗಳು ಒತ್ತಾಗಿದ್ದರೆ ಅಲ್ಲಿಗೆ ನೇರ ತಲೆ ಲೇಸು. ಒಂದು ತುದಿ ನೇರ, ಇನ್ನೊಂದು ಬಾಗಿದ್ದು ಇರುವ ಕೇಬಲ್ ಅಂಗಡಿಯಲ್ಲಿ ಸಾಮಾನ್ಯ. ಡಿಸ್ಕ್ ಕೂರುವ ಜಾಗದ ಫೋಟೋ ಮೊಬೈಲಲ್ಲಿ ತೆಗೆದುಕೊಂಡು ಹೋಗಿ. ಬರ್ ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆ, ನಾವೆಲ್ಲ ಕಂಪ್ಯೂಟರ್ ಸ್ಟ್ರೀಟ್ ಅನ್ನುವ ಜಾಗ, ಅಲ್ಲಿಯ ಅಂಗಡಿಯವನಿಗೆ ಬಾಯಲ್ಲಿ ವಿವರಿಸುವುದಕ್ಕಿಂತ ಆ ಫೋಟೋ ತೋರಿಸುವುದು ಸುಲಭ.

ಮೂರನೆಯದು ಕೊಂಡಿ. ತಲೆಯ ಮೇಲೆ ಚಿಕ್ಕ ಲೋಹದ ಚಿಮ್ಮು ಇರುವ ಕೇಬಲ್ ಬೇಕು. ಕೂರಿಸಿದಾಗ ಟಕ್ ಅನ್ನುತ್ತದೆ, ತೆಗೆಯುವಾಗ ಅದನ್ನು ಅದುಮಿಯೇ ತೆಗೆಯಬೇಕು. ಒಂದೇ ಕಡೆ ಇಟ್ಟ ಕಂಪ್ಯೂಟರಿಗೆ ಇದು ಅಷ್ಟು ಮುಖ್ಯ ಅಲ್ಲದಿರಬಹುದು. ರೂಮು ಬದಲಾಯಿಸುವ, ಊರಿಗೆ ಸಾಗಿಸುವ ನಮ್ಮಂಥವರಿಗೆ ಮುಖ್ಯ.

ಬಣ್ಣಕ್ಕೆ ಅರ್ಥವಿಲ್ಲ. ಕೆಂಪು, ಕಪ್ಪು, ಹಳದಿ ಎಲ್ಲ ಒಂದೇ. "ಇದು ಸಾಟಾ 3 ಕೇಬಲ್, ಸ್ಪೀಡ್ ಜಾಸ್ತಿ" ಅಂತ ಹೆಚ್ಚು ಹಣ ಕೇಳಿದರೆ ಕೊಡಬೇಕಾಗಿಲ್ಲ. ಹೊಸ ವೇಗ ಬಂದಾಗ ಕೇಬಲಿನ ರಚನೆಯನ್ನೇ ಬದಲಾಯಿಸಲಿಲ್ಲ. ಚೆನ್ನಾಗಿ ಮಾಡಿದ ಹಳೆ ಸಾಟಾ ಕೇಬಲ್ ಕೂಡ ಸೆಕೆಂಡಿಗೆ 6 ಗಿಗಾಬಿಟ್ ಒಯ್ಯುತ್ತದೆ. ಹಾರ್ಡ್ ಡಿಸ್ಕಿಗೆ ಅಷ್ಟು ವೇಗ ತುಂಬಿಸುವ ಶಕ್ತಿಯೂ ಇಲ್ಲ. ನೋಡಬೇಕಾದ್ದು ಮಡಚಿದ ಗುರುತು ಇದೆಯಾ, ತಲೆ ಸಡಿಲವಾಗಿದೆಯಾ ಅಂತ. ಹಾಗಿದ್ದರೆ ಆ ಕೇಬಲ್ ಬೇಡ, ಪುಕ್ಕಟೆ ಸಿಕ್ಕಿದರೂ ಬೇಡ.

ಕರೆಂಟಿನ ಕೇಬಲ್: ಇಲ್ಲಿ ಅಂದಾಜು ನಡೆಯುವುದಿಲ್ಲ

ಡೇಟಾ ಕೇಬಲ್ ಕೆಟ್ಟದಾದರೆ ಕಂಪ್ಯೂಟರ್ ನಿಧಾನವಾದೀತು, ಡಿಸ್ಕ್ ಕಾಣದೆ ಹೋದೀತು. ಕರೆಂಟಿನ ಕೇಬಲ್ ತಪ್ಪಿದರೆ ಡಿಸ್ಕೇ ಸುಡುತ್ತದೆ. ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ.

ಕೆಲವು ಪವರ್ ಸಪ್ಲೈಗಳಲ್ಲಿ ಕೇಬಲ್‌ಗಳು ಒಳಗಿಂದಲೇ ಬಂದಿರುತ್ತವೆ. ಇನ್ನು ಕೆಲವು ಮಾಡ್ಯುಲರ್. ಬೇಕಾದ ಕೇಬಲ್ ಮಾತ್ರ ಚುಚ್ಚಿಕೊಳ್ಳುವುದು, ಬೇಡದ್ದು ಚೀಲದಲ್ಲಿ. ಅಚ್ಚುಕಟ್ಟಿಗೆ ಮಾಡ್ಯುಲರ್ ಒಳ್ಳೆಯದೇ. ಆದರೆ ಅದರಲ್ಲಿ ಒಂದು ಅಪಾಯ ಉಂಟು. ಕೇಬಲಿನ ಡಿಸ್ಕ್ ಕಡೆಯ ತುದಿ ಎಲ್ಲ ಕಂಪೆನಿಯಲ್ಲೂ ಒಂದೇ. ಪವರ್ ಸಪ್ಲೈ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ಯಾವ ಪಿನ್ನಿನಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್ ಅಂತ ಒಬ್ಬೊಬ್ಬ ತಯಾರಕ ಒಂದೊಂದು ರೀತಿ ಇಟ್ಟಿರುತ್ತಾನೆ. ಒಂದೇ ಕಂಪೆನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಪ್ಲಗ್ ಮಾತ್ರ ನೋಡಲಿಕ್ಕೆ ಒಂದೇ, ಚುಚ್ಚಿದರೆ ಚೆನ್ನಾಗಿ ಕೂರುತ್ತದೆ. ಸ್ವಿಚ್ ಹಾಕಿದ ಕ್ಷಣ 5 ವೋಲ್ಟ್ ಹೋಗಬೇಕಾದ ದಾರಿಯಲ್ಲಿ 12 ವೋಲ್ಟ್ ಹೋಗುತ್ತದೆ. ಆ ಕೇಬಲಿಗೆ ಸಿಕ್ಕಿಸಿದ ಡಿಸ್ಕುಗಳೆಲ್ಲ ಒಟ್ಟಿಗೆ ಸಾಯಬಹುದು.

ಇದು ಹೇಗೆ ಆಗುತ್ತದೆ ಅಂದರೆ, ಪವರ್ ಸಪ್ಲೈ ಹಾಳಾಗಿ ಹೊಸತು ತರುತ್ತಾರೆ. ಹಳೆ ಕೇಬಲ್‌ಗಳು ಚಂದ ಕಟ್ಟಿ ಕೂತಿವೆ, ಬಿಚ್ಚುವುದು ಯಾಕೆ ಅಂತ ಪೆಟ್ಟಿಗೆ ಮಾತ್ರ ಬದಲಾಯಿಸಿ ಹಳೆ ಕೇಬಲನ್ನೇ ಹೊಸದಕ್ಕೆ ಚುಚ್ಚುತ್ತಾರೆ. ಸೋಮಾರಿಗಳಲ್ಲ, ಅಚ್ಚುಕಟ್ಟು ಇಷ್ಟಪಡುವವರೇ ಇದಕ್ಕೆ ಬಲಿಯಾಗುವುದು. ಆದ್ದರಿಂದ ನಿಯಮ ಒಂದೇ: ಪವರ್ ಸಪ್ಲೈ ಬದಲಾದರೆ ಅದರ ಕೇಬಲ್ ಪೂರ್ತಿ ಬದಲಾಗಬೇಕು. ರೂಮಿನ ಗೆಳೆಯನ ಚೀಲದಿಂದ ಕೇಬಲ್ ಸಾಲ ತರಬೇಡಿ.

ಗೋಡೆಗೆ ಹಾಕುವ ವೈರಿನ ವಿಷಯ ಬೇರೆ, ಗೊಂದಲ ಬೇಡ. ಇಲ್ಲಿ ಯುಎಇಯಲ್ಲಿ ಚೌಕ ಮೂರು ಪಿನ್ನಿನ ಪ್ಲಗ್, ಊರಲ್ಲಿ ದುಂಡು ಪಿನ್ನಿನದ್ದು. ಎರಡೂ ಕಡೆ 230 ವೋಲ್ಟಿನ ಆಸುಪಾಸು, 50 ಹರ್ಟ್ಸ್. ಊರಿಗೆ ಹೋದ ಮೇಲೆ ಗೋಡೆಯ ವೈರನ್ನು ಮಂಗಳೂರಿನಲ್ಲೇ ಕೊಂಡು ಹಾಕಿದರೆ ಆಯಿತು. ಹೊರಗಿನ ಆ ವೈರು ಬದಲಾಯಿಸಬಹುದು, ಒಳಗಿನದ್ದು ಬದಲಾಯಿಸಬಾರದು. ಇಷ್ಟು ನೆನಪಿಟ್ಟುಕೊಳ್ಳಿ.

ಇನ್ನೊಂದು, ಅಡಾಪ್ಟರ್. ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್ಗಿನಿಂದ ಸಾಟಾ ಪ್ಲಗ್ ಮಾಡುವ ತುಂಡು ಕೇಬಲ್ ಬಹಳ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಕೆಲವು ಒಂದೇ ಗಟ್ಟಿ ಪ್ಲಾಸ್ಟಿಕ್ ಎರಕದವು. ತಲೆಯ ಒಳಗೆ ವೈರುಗಳು ಹೇಗೆ ಕೂತಿವೆ ಅಂತ ಹೊರಗಿನಿಂದ ಕಾಣುವುದೇ ಇಲ್ಲ. ಒಳಗೆ ವೈರು ಸರಿದು ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಬೆಂಕಿ ಹತ್ತಿದ ಪ್ರಸಂಗಗಳು ಕಂಪ್ಯೂಟರ್ ರಿಪೇರಿಯವರಿಗೆಲ್ಲ ಗೊತ್ತು. ಒಂದೇ ಕೋಣೆಯಲ್ಲಿ ಆರು ಎಂಟು ಜನ ಮಲಗುವ ನಮ್ಮಂಥವರಿಗೆ ಬೆಂಕಿ ಅಂದರೆ ಡಿಸ್ಕಿನ ವಿಷಯ ಮಾತ್ರ ಅಲ್ಲ. ಆದಷ್ಟು ಅಡಾಪ್ಟರೇ ಬೇಡ. ಪವರ್ ಸಪ್ಲೈ ಕೊಳ್ಳುವಾಗಲೇ ಸಾಟಾ ಪ್ಲಗ್ ಎಷ್ಟಿವೆ ಅಂತ ಎಣಿಸಿ. ಅನಿವಾರ್ಯ ಆದರೆ ಪ್ರತಿ ವೈರೂ ಬೇರೆ ಬೇರೆಯಾಗಿ ಅದರ ಪಿನ್ನಿಗೆ ಹೋಗುವುದು ಕಾಣುವ, ಹಿಂದೆ ಬಿಚ್ಚಬಹುದಾದ ಮುಚ್ಚಳ ಇರುವ ಜಾತಿಯದ್ದನ್ನು ತನ್ನಿ.

ಒಂದು ಸಾಟಾ ಕರೆಂಟ್ ಕೇಬಲಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಪ್ಲಗ್ ಸಾಲಾಗಿ ಇರುತ್ತವೆ. ಎರಡು ಡಿಸ್ಕ್ ಇದ್ದರೆ ಪಕ್ಕಪಕ್ಕದಲ್ಲಿ ಕೂರಿಸಿ, ಒಂದೇ ಕೇಬಲಿನಲ್ಲಿ ಎರಡೂ ಮುಗಿಯುತ್ತದೆ. ಒಂದು ಮೇಲೆ, ಒಂದು ಕೆಳಗೆ ಮೂಲೆಯಲ್ಲಿ ಕೂರಿಸಿದರೆ ಎರಡು ಕೇಬಲ್ ಬೇಕಾಗುತ್ತದೆ. ಡಿಸ್ಕಿನ ಜಾಗ ಮೊದಲು ಯೋಚಿಸಿದರೆ ಕೇಬಲ್ ತಾನಾಗಿಯೇ ಕಡಿಮೆಯಾಗುತ್ತದೆ. ದೊಡ್ಡ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್‌ವರೆಗೆ ಎಳೆಯುತ್ತದೆ. ಹಾಗಾಗಿ ಒಂದೇ ಪ್ಲಗ್ಗಿನಿಂದ ಕವಲು ಹೊಡೆದು ನಾಲ್ಕೈದು ಡಿಸ್ಕಿಗೆ ಕೊಡುವುದು ಬೇಡ.

ಹಾಕುವ ಕ್ರಮ

ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆಯಿರಿ, ಕಂಪ್ಯೂಟರಿನ ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟು ಹೋಗಲಿ. ಬಣ್ಣ ಇಲ್ಲದ ಬರಿ ಲೋಹವನ್ನು ಕೈಯಿಂದ ಮುಟ್ಟಿ. ಡಿಸ್ಕನ್ನು ಸ್ಕ್ರೂ ಹಾಕಿ ಗಟ್ಟಿಯಾಗಿ ಕೂರಿಸಿದ ಮೇಲೆಯೇ ಕೇಬಲ್. ಮೊದಲು ಡೇಟಾ, ಆಮೇಲೆ ಕರೆಂಟು. ತಲೆ ಹಿಡಿದು ಹಾಕಿ, ತಲೆ ಹಿಡಿದೇ ತೆಗೆಯಿರಿ. ವೈರು ಹಿಡಿದು ಎಳೆಯಬೇಡಿ. ಸಾಟಾದ ಬಾಯಿಗಳನ್ನು ದಿನಾ ಹಾಕಿ ತೆಗೆಯಲಿಕ್ಕೆ ಮಾಡಿದ್ದಲ್ಲ.

ಕಟ್ಟುವುದು ಕೊನೆಗೆ. ಕಂಪ್ಯೂಟರ್ ಒಮ್ಮೆ ಆನ್ ಆಗಿ, ಬಯೋಸ್‌ನಲ್ಲಿ ಡಿಸ್ಕಿನ ಹೆಸರು ಕಂಡ ಮೇಲೆ ಕಟ್ಟಿ. ಪ್ಲಾಸ್ಟಿಕ್ ಟೈ ಬದಲು ವೆಲ್ಕ್ರೋ ಪಟ್ಟಿ ಬಳಸಿ. ಪ್ಲಾಸ್ಟಿಕ್ ಟೈ ಕತ್ತರಿಸುವಾಗ ವೈರೂ ಕತ್ತರಿಯ ಬಾಯಿಗೆ ಸಿಗುತ್ತದೆ. ಬಿಗಿಯಾಗಿ ಕಟ್ಟಬೇಡಿ, ಡೇಟಾ ಕೇಬಲನ್ನು ಕಾಗದದ ಹಾಗೆ ಮಡಚಬೇಡಿ, ಸುತ್ತಿನ ಹಾಗೆ ಬಾಗಿಸಿ. ಎರಡೂ ತುದಿಗೆ ಕಾಗದದ ಟೇಪ್ ಅಂಟಿಸಿ ಕನ್ನಡದಲ್ಲೇ ಬರೆಯಿರಿ: "ಮನೆಯ ಫೋಟೋ ಡಿಸ್ಕ್". ಯಾಕೆಂದರೆ ಈ ಪೆಟ್ಟಿಗೆಯನ್ನು ಮುಂದೆ ತೆರೆಯುವವರು ನೀವಲ್ಲ. ಬಿ.ಸಿ. ರೋಡಿನಲ್ಲೋ ಉಳ್ಳಾಲದಲ್ಲೋ ಇರುವ ನಿಮ್ಮ ತಮ್ಮ, ಭಾವ, ಇಲ್ಲವೇ ಮಗ. ನೀವು ಫೋನಿನಲ್ಲಿ "ಯಾವ ವೈರು ಮೋನೆ?" ಅಂತ ಕೇಳುತ್ತಾ ಕೂರಬೇಕಾಗುತ್ತದೆ.

ಅಚ್ಚುಕಟ್ಟು ಅಂದರೆ ನೋಡಲಿಕ್ಕೆ ಚಂದ ಅಂತ ಮಾತ್ರ ಅಲ್ಲ. ಇಲ್ಲಿ ಮರಳಿನ ಧೂಳು, ಬೇಸಿಗೆಯ ಸೆಕೆ. ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ತೇವ. ಮುಂದಿನ ಫ್ಯಾನಿನ ಎದುರು ಕೇಬಲಿನ ಗಂಟು ಇದ್ದರೆ ಗಾಳಿ ಡಿಸ್ಕಿಗೆ ತಲುಪುವುದಿಲ್ಲ, ಧೂಳು ಅಲ್ಲೇ ಕೂರುತ್ತದೆ. ಜಾರಿದ ವೈರು ಫ್ಯಾನಿನ ರೆಕ್ಕೆಗೆ ಸಿಕ್ಕಿದರೆ ಫ್ಯಾನೇ ನಿಲ್ಲಬಹುದು.

ಡಿಸ್ಕ್ ಹಾಳಾ, ಕೇಬಲ್ ಹಾಳಾ?

ಇದು ತಿಳಿದರೆ ದುಡ್ಡು ಉಳಿಯುತ್ತದೆ. ಫೈಲ್ ಕಾಪಿ ಮಾಡುವಾಗ ಕಂಪ್ಯೂಟರ್ ನಡುನಡುವೆ ನಿಲ್ಲುತ್ತದೆ, ಡಿಸ್ಕ್ ಒಮ್ಮೆ ಕಾಣುತ್ತದೆ ಒಮ್ಮೆ ಇಲ್ಲ. ಕೂಡಲೇ ಹೊಸ ಡಿಸ್ಕ್ ಕೊಳ್ಳಬೇಡಿ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ, ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಮಿನಲ್ಲಿ ಅದನ್ನು ನೋಡಬಹುದು. ಅಲ್ಲಿ ಸಿ7 ಅನ್ನುವ ಸಾಲು, ಸಿಆರ್‌ಸಿ ಎರರ್ ಅಂತ ಇರುತ್ತದೆ. ಡಿಸ್ಕಿಗೂ ಬೋರ್ಡಿಗೂ ನಡುವೆ ದಾರಿಯಲ್ಲಿ ಕೆಟ್ಟ ಮಾಹಿತಿಯ ಎಣಿಕೆ ಅದು. ಅದು ಏರುತ್ತಾ ಇದ್ದರೆ ಮೊದಲ ಅನುಮಾನ ಕೇಬಲಿನ ಮೇಲೆ. ಕೇಬಲ್ ಬದಲಾಯಿಸಿ, ಬೇರೆ ಪೋರ್ಟಿಗೆ ಹಾಕಿ ನೋಡಿ. ಹಳೆ ಸಂಖ್ಯೆ ಇಳಿಯುವುದಿಲ್ಲ, ಅದಕ್ಕೆ ಗಾಬರಿ ಬೇಡ. ಇನ್ನು ಮುಂದೆ ಏರದಿದ್ದರೆ ಕೇಬಲೇ ಕಾರಣ ಆಗಿತ್ತು ಅಂತ ತಿಳಿಯಿರಿ.

ಊರಿಗೆ ಒಯ್ಯುವಾಗ

ಹಾರ್ಡ್ ಡಿಸ್ಕನ್ನು ಕ್ಯಾಬಿನೆಟ್‌ನಲ್ಲೇ ಬಿಟ್ಟು ಲಗೇಜಿಗೆ ಹಾಕಬೇಡಿ. ಬಿಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ಅಲ್ಲ, ಅದು ಬಂದ ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಸುತ್ತ ಗುಳ್ಳೆಯ ಪ್ಲಾಸ್ಟಿಕ್ ಸುತ್ತಿ ಕೈಚೀಲದಲ್ಲಿ ಒಯ್ಯಿರಿ. ಡಿಸ್ಕಿನಿಂದ ಬಿಚ್ಚಿದ ಕೇಬಲಿನ ತುದಿಯನ್ನು ಕ್ಯಾಬಿನೆಟ್ ಒಳಗೆ ವೆಲ್ಕ್ರೋದಲ್ಲಿ ಕಟ್ಟಿಡಿ, ಜೋತಾಡಬಾರದು. ಮಾಡ್ಯುಲರ್ ಕೇಬಲ್ ಉಳಿದದ್ದು ಇದ್ದರೆ ಎಲ್ಲ ಒಂದೇ ಚೀಲದಲ್ಲಿ ಹಾಕಿ, ಚೀಲದ ಮೇಲೆ ಪವರ್ ಸಪ್ಲೈಯ ಹೆಸರು, ಮಾದರಿ ಬರೆದು, ಅದರ ಜೊತೆಯಲ್ಲೇ ಕಳಿಸಿ. ಆ ಚೀಲ ಇಲ್ಲಿ ರೂಮಿನಲ್ಲಿ ಉಳಿದರೆ ನಾಳೆ ಇನ್ನೊಬ್ಬನ ಕಂಪ್ಯೂಟರಿಗೆ ಅದೇ ಅಪಾಯ.

ಕೊನೆಯ ಮಾತು. ಎಷ್ಟು ಒಳ್ಳೆಯ ಕೇಬಲ್ ಹಾಕಿದರೂ ಡಿಸ್ಕ್ ಒಂದು ದಿನ ಸಾಯುತ್ತದೆ. ಕೇಬಲ್ ಅದನ್ನು ಅಕಾಲದಲ್ಲಿ ಸಾಯದಂತೆ ನೋಡಿಕೊಳ್ಳಬಹುದು, ಅಷ್ಟೇ. ಹಾಗಾಗಿ ಫೋಟೋ, ದಾಖಲೆಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ. ಒಂದು ಇಲ್ಲಿ, ಒಂದು ಊರಲ್ಲಿ. ನಮ್ಮ ಸಂಸಾರವೇ ಎರಡು ಕಡೆ ಇರುವಾಗ ಇದು ನಮಗೆ ಕಷ್ಟದ ವಿಷಯ ಅಲ್ಲ.

ಈಗ ಮೇಜಿನ ಹತ್ತಿರ ಬನ್ನಿ. ನಿಮ್ಮ ಪವರ್ ಸಪ್ಲೈಯ ಫೋಟೋ ಮೊಬೈಲಲ್ಲಿ ಇದ್ದರೆ ತೋರಿಸಿ, ಯಾವ ಕೇಬಲ್ ಎಷ್ಟು ಉದ್ದ ಬೇಕು ಅಂತ ಒಟ್ಟಿಗೆ ಕೂತು ಲೆಕ್ಕ ಹಾಕುವ.